ತಟ್ಟೆಯ ಮೇಲಿನ ಆಡು

ಅದು ಎಲ್ಲ ಮಂಗಳವಾರಗಳಂಥದೇ ಒಂದು ಮಂಗಳವಾರ. ಮಣ್ಣು ಸೋಸಿ ಆಗಿತ್ತು. ಬೆಳಗಿನ ರೊಟ್ಟಿ ಮುಗಿದಿತ್ತು.

ಹೊಳೆದಂಡೆಯ ಒಂದು ಆಶ್ರಮದಲ್ಲಿ ಗುರುಪಾದಜ್ಜ ಪಿಂಗಾಣಿ ತಟ್ಟೆಗಳ ಮೇಲೆ ಮೀನು, ಮೊಲ, ಕೊಕ್ಕರೆ ಬರೆಯುತ್ತಿದ್ದರು. ಪೇಟೆಯ ಜನ ಆ ತಟ್ಟೆಗಳನ್ನು ಗೋಡೆಗೆ ತೂಗುಹಾಕುತ್ತಿದ್ದರು. ಅಜ್ಜ ಅವುಗಳಲ್ಲಿ ಉಣ್ಣುತ್ತಿದ್ದರು.

ಕಲ್ಮೇಶ ಅವರ ಬಳಿ ಹನ್ನೊಂದು ವರ್ಷದಿಂದ ಕಲಿಯುತ್ತಿದ್ದ. ಅವನು ಬರೆದ ಜಿಂಕೆಯ ಗೆರೆ ಎಲ್ಲೂ ನಡುಗುತ್ತಿರಲಿಲ್ಲ. ಅಜ್ಜನ ನಂತರ ತಾನೇ ಎಂದು ಅವನು ನಂಬಿದ್ದ.

ಆ ದಿನ, ಮಣ್ಣು ತುಳಿಯಲು ಬರುತ್ತಿದ್ದ ಹಾಲವ್ವ ಕುಂಚ ಕೇಳಿದಳು.

“ಒಂದು ಆಡು ಬರೀಲೇನ್ರಿ ಅಜ್ಜಾರ?”

“ಬರಿಯವ್ವಾ. ತಟ್ಟಿ ಏನು ಬ್ಯಾಡ ಅಂತೈತೇನು?”

ಅವಳು ಆಡು ಕಾಯ್ದು ಬೆಳೆದವಳು. ಬರೆದ ಕಾಲು ಸೊಟ್ಟ, ಹೊಟ್ಟೆ ಒಂದು ಕಡೆ ಜಾರಿತ್ತು. ಆದರೆ ಆಡು ತಿರುಗಿ ನೋಡುತ್ತಿತ್ತು, ಯಾರದೋ ಹೊಲ ಮೇಯುವಾಗ ಸಿಕ್ಕಿಬಿದ್ದ ಹಾಗೆ.

ಅಜ್ಜ ನಕ್ಕರು. ಆಮೇಲೆ ನಗು ನಿಂತಿತು. ತಟ್ಟೆಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು.

ಕಲ್ಮೇಶನ ಯಾವ ಜಿಂಕೆಯನ್ನೂ ಅವರು ಅಷ್ಟು ಹೊತ್ತು ಹಿಡಿದಿರಲಿಲ್ಲ. ಆ ಮಧ್ಯಾಹ್ನ ಅವನು ಅಜ್ಜನ ಬಳಿ ಹೋದ.

“ನನ್ನ ಜಿಂಕಿಗೆ ಏನು ಕಡಿಮಿ ಐತ್ರಿ ಅಜ್ಜಾರ?”

“ಏನೂ ಕಡಿಮಿ ಇಲ್ಲ.”

“ಮತ್ತ?”

“ಅದಕ್ಕ ಹಸಿವು ಸೈತ ಇಲ್ಲ.”

ತಟ್ಟೆ ಸುಡುವ ಆವಿಗೆಯೊಳಗೆ ಅವುಗಳನ್ನು ಜೋಡಿಸುವುದು ಕಲ್ಮೇಶನ ಕೆಲಸ. ಉರಿ ನೇರ ಬಡಿಯುವ ಕಡೆ ಇಟ್ಟರೆ ಹೊಳಪಿನ ಲೇಪ ಕರಗಿ ಬಣ್ಣವೂ ಹರಿದುಹೋಗುತ್ತದೆ. ಇದನ್ನು ಅವನು ಬಂದ ಮೊದಲ ವಾರವೇ ಕಲಿತಿದ್ದ.

ಹಾಲವ್ವನ ತಟ್ಟೆಯನ್ನು ಅವನು ಅಲ್ಲಿಯೇ ಇಟ್ಟ. ಆಡು ಅವನನ್ನೇ ನೋಡಿತು. ಮುಖ ಬೆಂಕಿಯ ಕಡೆಗೆ ಬರುವಂತೆ ತಟ್ಟೆಯನ್ನು ತಿರುಗಿಸಿದ.

ಆವಿಗೆಯ ಬಾಗಿಲಿಗೆ ಇಟ್ಟಿಗೆ ಕಟ್ಟುವುದು ಯಾವಾಗಲೂ ಅಜ್ಜ. ಅವರು ಒಳಗೆ ಒಮ್ಮೆ ಬಗ್ಗಿ ನೋಡಿ, ಇಟ್ಟಿಗೆ ಕಟ್ಟಿದರು.

ಮೂರನೆಯ ದಿನ ಬಾಗಿಲು ತೆಗೆದರು. ಕಲ್ಮೇಶನ ಜಿಂಕೆ ಹೊಳೆಯುತ್ತಿತ್ತು. ಆಡು ನೀಲಿ ಕಲೆಯಾಗಿ ಅಂಚಿನವರೆಗೆ ಹರಿದಿತ್ತು.

“ಅಯ್ಯ, ಹೊಳಿಗೆ ಬಿತ್ತಲ್ರಿ ನನ್ನ ಆಡು!” ಎಂದು ಹಾಲವ್ವ ನಕ್ಕಳು. ಸೆರಗಿನಿಂದ ತಟ್ಟೆ ಒರೆಸಿದಳು. ಮತ್ತೆ ಒರೆಸಿದಳು. ಆಮೇಲೆ ಕುಂಚವನ್ನು ಅಜ್ಜನ ಮುಂದೆ ಇಟ್ಟಳು.

“ನನ್ನ ಕೈಗೆ ಇದು ಒಗ್ಗೂದಿಲ್ರಿ. ಮಣ್ಣು ತುಳೀತೀನಿ.”

ಕಲ್ಮೇಶನಿಗೆ ಬೇಕಾದದ್ದು ಸಿಕ್ಕಿತ್ತು. ನಾಲ್ಕು ದಿನ ಅವನು ಕುಂಚ ಹಿಡಿದು ಸುಮ್ಮನೆ ಕುಳಿತ. ಅಂಗಳದಲ್ಲಿ ಹಾಲವ್ವ ಮಣ್ಣು ತುಳಿಯುವ ಸಪ್ಪಳ ಕೇಳುತ್ತಲೇ ಇತ್ತು.

ಐದನೆಯ ದಿನ ಅವನು ಅಜ್ಜನ ಮುಂದೆ ನಿಂತ.

“ಆಡು ಕೆಡಿಸಿದವ ನಾನ್ರಿ. ಬೇಕಂತಲೇ ಉರಿಗೆ ಇಟ್ಟೆ. ನನ್ನ ಹೊರಗ ಹಾಕ್ರಿ.”

ಅಜ್ಜ ಮಣ್ಣು ನಾದುತ್ತಿದ್ದರು.

“ಮೊದಲು ಆಕಿಗೆ ಹೇಳು.”

“ಹೇಳೇ ಬಂದೀನ್ರಿ.”

“ಏನಂದಳು?”

“ಬಾಯಿಗೆ ಬಂದಂಗ ಬೈದಳ್ರಿ. ಆಮ್ಯಾಲೆ ನನ್ನ ಕುಂಚ ಕಸಕೊಂಡು ಹೋದಳು.”

“ಛಲೋ ಆತು.”

ಅಜ್ಜ ನಾದುತ್ತಲೇ ಇದ್ದರು. ಕಲ್ಮೇಶ ಅಲ್ಲೇ ನಿಂತಿದ್ದ.

“ಅಜ್ಜಾರ, ಇಟ್ಟಿಗಿ ಕಟ್ಟೂ ಮೊದಲ ನೀವು ಬಗ್ಗಿ ನೋಡಿದ್ರಿ. ಆ ತಟ್ಟಿ ಕಾಣಲಿಲ್ಲೇನ್ರಿ?”

“ಕಂಡಿತ್ತು.”

“ಮತ್ಯಾಕ ಸರಿಸಲಿಲ್ಲ?”

ನಾದುತ್ತಿದ್ದ ಕೈ ನಿಂತಿತು.

“ಇಷ್ಟು ವರ್ಷದಾಗ ನನ್ನ ಕೈಯಾಗೂ ಅಂಥ ಆಡು ಬಂದಿಲ್ಲ. ಅದನ್ನ ಉರಿ ಮುಂದ ಇಡಬೇಕಂತಲೇ ನಾನೂ ಬಗ್ಗಿದ್ದೆ.”