ಕಿಟಕಿಯ ಕೆಳಗಿನ ದೋಸೆಹಿಟ್ಟು

"ಮತ್ತೆ ಮುಚ್ಚಳ ತೆಗೆದೆಯಾ ಅಮ್ಮಾ? ಒಂದು ಗಳಿಗೆ ನೆಮ್ಮದಿಯಾಗಿರಲು ಬಿಡುವುದಿಲ್ಲವಲ್ಲ!" ಎಂದು ದೋಸೆಹಿಟ್ಟು ಸಿಡುಕಿತು.

"ಉಬ್ಬಿದೆಯಾ ಎಂದು ನೋಡಿದೆ. ಸಂಜೆಗೆ ದೋಸೆಯಾಗಬೇಕು. ಪಕ್ಕದ ಮನೆಯ ಹಿಟ್ಟು ಆಗಲೇ ಪಾತ್ರೆಯ ಬಾಯಿಗೆ ಬಂದಿದೆ, ನೀನು ತಳದಲ್ಲೇ ಬಿದ್ದುಕೊಂಡಿದ್ದೀಯ," ಎಂದು ಸೌಟಮ್ಮ ಅದನ್ನು ಇನ್ನೊಮ್ಮೆ ಕಲಕಿದಳು.

ಗೋಡೆಯ ಮೇಲಿನ ಗಡಿಯಾರ ಮೇಷ್ಟ್ರು ಢಣ್ ಎಂದರು. "ಬರೀ ಸೋಮಾರಿತನ! ಅದಕ್ಕೇ ಇದನ್ನು ಕಿಟಕಿಯ ಕೆಳಗೆ, ನನ್ನ ಕಣ್ಣೆದುರಿಗೆ ಇಡಿಸಿದ್ದು."

"ಗಂಟೆ ಹೊಡೆದರೆ ನಾನು ಉಬ್ಬುವುದಾದರೆ ನನ್ನನ್ನು ದೇವಸ್ಥಾನದಲ್ಲೇ ಇಡಬಹುದಿತ್ತು ಮೇಷ್ಟ್ರೇ."

"ಈ ವಯಸ್ಸಿಗೇ ಎದುರು ಮಾತು!" ಎಂದಳು ಸೌಟಮ್ಮ.

"ಕಿಟಕಿಯ ಚಳಿಗಾಳಿಗೆ ಮೈ ಮರಗಟ್ಟಿದೆ ಅಮ್ಮಾ. ಹೀಗೇ ಇದ್ದರೆ ಸಂಜೆ ನನ್ನನ್ನು ಚರಂಡಿಗೆ ಸುರಿಯುತ್ತೀರಿ."

ಸೌಟಮ್ಮ ಪಾತ್ರೆಯನ್ನು ಮುಟ್ಟಿ ನೋಡಿದಳು. ಅದು ತಣ್ಣಗೆ ಕೊರೆಯುತ್ತಿತ್ತು. ಅದನ್ನು ಬೆಚ್ಚಗಿನ ಒಲೆಯ ಪಕ್ಕಕ್ಕೆ ತಳ್ಳಿ, ಮುಚ್ಚಳ ಮುಚ್ಚಿ, ಹೋಗಿ ತನ್ನ ಮೊಳೆಗೆ ನೇತುಬಿದ್ದಳು. ಮೇಷ್ಟ್ರೂ ಮುಂದಿನ ಗಂಟೆಗಳನ್ನು ಮೆಲ್ಲಗೆ ಹೊಡೆದರು.

ಸಂಜೆ ಮುಚ್ಚಳ ತಾನಾಗಿ ಮೇಲೆದ್ದಿತು. ಹಿಟ್ಟು ನಗುತ್ತಾ ಪಾತ್ರೆಯ ಅಂಚು ದಾಟಿ ಬಂತು.

"ನನ್ನ ಮಗಳು!" ಎಂದು ಸೌಟಮ್ಮ ಕುಣಿದಳು.

"ನನ್ನ ಶಿಷ್ಯೆ!" ಎಂದು ಮೇಷ್ಟ್ರು ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದರು.

ಸೌಟಮ್ಮ ಹಿಟ್ಟನ್ನು ಮಡಿಲು ತುಂಬಾ ಎತ್ತಿಕೊಂಡಳು. ಅಲ್ಲಿ ಆರಾಮಾಗಿ ಕುಳಿತು ಅದು ಕೇಳಿತು:

"ಉಬ್ಬಿದೆಯಾ, ಉಬ್ಬಿದೆಯಾ ಎಂದು ಅಷ್ಟು ಸಲ ನೋಡಿದೆಯಲ್ಲಮ್ಮಾ, ಚಳಿಯಾಗುತ್ತಿದೆಯಾ ಎಂದು ಒಮ್ಮೆ ಕೇಳಲು ನಿನಗೇನಾಗಿತ್ತು?"