ಮುಂದಿನ ಸೀಟು

"ಅಜ್ಜಾ, ಕೆಲಸ ಕೆಡಿಸಿದವನ ಕೈ ಮುರಿಯಬೇಕೋ, ಅವನನ್ನು ಕ್ಷಮಿಸಬೇಕೋ?"

ಹೀಗೆ ಕೇಳಿದವನು ನನ್ನ ಶಿಷ್ಯ ಗಾದಿಲಿಂಗ. ಗುಡ್ಡದ ದಾರಿಯಲ್ಲಿ ಜೀಪು ಓಡಿಸುವುದನ್ನು ನನ್ನಿಂದ ಕಲಿತವನು. ಗ್ಯಾರೇಜಿನಲ್ಲಿ ರಿಪೇರಿಯಾಗಿ ಬಂದ ಅವನ ಜೀಪಿನ ಬ್ರೇಕು ಮೊದಲ ಇಳಿಜಾರಿನಲ್ಲೇ ಕೈಕೊಟ್ಟಿತ್ತು. ಬಂಡೆಗೆ ಗುದ್ದಿಸಿ ಜೀವ ಉಳಿಸಿಕೊಂಡಿದ್ದ. ಬೆಳಗಾದರೆ ಸಸಿ ನೆಡುವ ಹೆಂಗಸರನ್ನು ಅದೇ ಜೀಪಿನಲ್ಲಿ ಗುಡ್ಡಕ್ಕೆ ಕರೆದೊಯ್ಯಬೇಕು. ಜೀಪನ್ನು ನಿಧಾನಕ್ಕೆ ಉರುಳಿಸಿಕೊಂಡು, ಕೈಯಲ್ಲಿ ಕಬ್ಬಿಣದ ರಾಡು ಹಿಡಿದೇ ನನ್ನ ಮನೆಗೆ ಬಂದಿದ್ದ.

ನಾನು ಹೇಳಿದೆ: "ಕರಡಿಗುಡ್ಡದ ನೆತ್ತಿಗೆ ಮೊದಲು ಜೀಪು ಹತ್ತಿಸಿದವನು ನಾನು. ಸುಳ್ಳು ಅನ್ನೋಣವೆಂದರೆ ಜೊತೆಗಿದ್ದ ಗ್ಯಾರೇಜಿನ ಮೇಸ್ತ್ರಿ ತೀರಿಕೊಂಡ. ಗುಡ್ಡವನ್ನೂ ಅದಿರಿಗೆಂದು ಅಗೆದು ಹಡಗಿಗೆ ತುಂಬಿದರು. ಉಳಿದವನು ನಾನೊಬ್ಬನೇ. ಕೂತು ಕೇಳು.

"ಒಬ್ಬ ಚಾಲಕನಿದ್ದ. ನಾನೇ ಅಂದುಕೋ. ಒಬ್ಬ ಮೇಸ್ತ್ರಿಯಿದ್ದ. ಎಷ್ಟು ಸಲ ರಿಪೇರಿಗೆ ಬಿಟ್ಟರೂ ಬ್ರೇಕು ಹಿಡಿಯುತ್ತಿರಲಿಲ್ಲ. ಕೇಳಿದರೆ, 'ಓಡ್ತಾ ಓಡ್ತಾ ಸೆಟ್ ಆಗ್ತದೆ, ಹೋಗಣ್ಣ' ಅನ್ನುತ್ತಿದ್ದ. ಚಾಲಕ ಜಗಳಾಡಲಿಲ್ಲ. ಒಂದು ದಿನ ಮುಂದಿನ ಸೀಟಿನ ಧೂಳು ಒರೆಸಿ, 'ಹಾಗಾದರೆ ಸೆಟ್ ಆಗುವ ತನಕ ನೀನೂ ಕುಂತ್ಕೋ ಬಾ' ಅಂದ. ಮೇಸ್ತ್ರಿ ನಗುತ್ತಲೇ ಹತ್ತಿದ.

"ನೆತ್ತಿ ಮುಟ್ಟಿದೆವು. ಹದ್ದುಗಳು ನಮಗಿಂತ ಕೆಳಗೆ ಹಾರುತ್ತಿದ್ದವು; ಅವುಗಳ ಬೆನ್ನು ಕಾಣುತ್ತಿತ್ತು. ಜೀಪು ಇಳಿಯತೊಡಗಿತು. ಬ್ರೇಕು ತುಳಿದೆ; ಪೆಡಲು ತಳಕ್ಕೆ ಹೋಗಿ ಕೂತಿತು. ಚಕ್ರಕ್ಕೆ ಸಿಕ್ಕ ಕಲ್ಲೊಂದು ಅಂಚಿನಿಂದ ಜಾರಿತು. ಅದು ತಳ ಮುಟ್ಟಿದ ಸದ್ದು ಇವತ್ತಿಗೂ ಕೇಳಿಸಿಲ್ಲ.

"'ಅಣ್ಣಾ, ನಿಲ್ಲಿಸು!' ಎಂದು ಮೇಸ್ತ್ರಿ ಕೂಗಿದ. ಜೀಪು ನಿಂತಿತು. ಅವನು ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಜೀಪಿನಡಿ ನುಗ್ಗಿದ. ಬ್ರೇಕಿನ ಪೈಪಿಗೆ ತಾನೇ ಸುತ್ತಿದ್ದ ಚಿಂದಿ ಬಟ್ಟೆಯನ್ನು ಕಿತ್ತೆಸೆದ. ಹಾಕಬೇಕಾಗಿದ್ದ ಹೊಸ ವಾಷರು ಅವನ ಜೇಬಿನಲ್ಲೇ ಇತ್ತು. ಅದನ್ನು ಕೂರಿಸಿದ, ಎಣ್ಣೆ ತುಂಬಿದ, ಪೈಪಿನೊಳಗಿನ ಗಾಳಿ ತೆಗೆದ. ಎಳೆಮಗುವಿನ ತಲೆ ಹಿಡಿದಂತೆ ಆ ಪೈಪು ಹಿಡಿದಿದ್ದನೋ ಗಾದಿಲಿಂಗ! ಕೆಳಗಿದ್ದ ಹದ್ದುಗಳು ನೋಡಲಿಕ್ಕೆಂದೇ ಮೇಲೆ ಬಂದವು. ಅಂಥ ಕೈಗೆಲಸವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅವನು ಸಾಯುವ ತನಕ ಆ ಬ್ರೇಕನ್ನು ಇನ್ನೊಮ್ಮೆ ಬಿಚ್ಚುವ ಕೆಲಸ ಬರಲಿಲ್ಲ."

ಗಾದಿಲಿಂಗ ಎದ್ದ. ರಾಡನ್ನು ಜೀಪಿನ ಹಿಂದೆ ಹಾಕಿದ. ಹೆಗಲ ಮೇಲಿನ ಟವೆಲ್ಲಿನಿಂದ ಮುಂದಿನ ಸೀಟು ಒರೆಸತೊಡಗಿದ. ಅರ್ಧಕ್ಕೇ ಕೈ ನಿಂತಿತು.

"ಅಲ್ಲಜ್ಜಾ, ಬ್ರೇಕೇ ಇಲ್ಲದ ಜೀಪು ನಡು ಇಳಿಜಾರಿನಲ್ಲಿ ನಿಂತಿದ್ದು ಹೇಗೆ?"

ನಾನು ಹೆಗಲು ಕುಣಿಸಿದೆ.

"ಮೇಸ್ತ್ರಿ ಒಳಗೇ ಕೂತಿದ್ದನಲ್ಲಪ್ಪಾ, ನಿಂತಿತು."

ಅವನು ಉಳಿದರ್ಧ ಸೀಟು ಒರೆಸಿದ.