ತೂತು ಬೇಡವೆಂದ ಪೈ ಮುಚ್ಚಳ

ಹೋಳಿಗೆಗೆ ಬೀದಿಯಲ್ಲೆಲ್ಲ ಹೆಸರಾದ ಪದ್ಮಾವತಮ್ಮ ಬೀಗರು ಬರುತ್ತಾರೆಂದು ಮೊದಲ ಸಲ ಸೇಬಿನ ಪೈ ಮಾಡಿದರು. ತಟ್ಟೆಗೆ ಮೈದಾ ಹಾಳೆ ಹಾಸಿ, ಸಕ್ಕರೆ ಬೆರೆಸಿದ ಸೇಬಿನ ಹೋಳು ತುಂಬಿ, ಮೇಲೆ ಮೈದಾದ್ದೇ ಮುಚ್ಚಳ ಹೊದಿಸಿ, ಅಂಚನ್ನು ಗಟ್ಟಿಯಾಗಿ ಒತ್ತಿದರು.

ಪಕ್ಕದಲ್ಲಿದ್ದ ಮುಳ್ಳುಚಮಚ ಹೇಳಿತು: “ಮುಚ್ಚಳಮ್ಮಾ, ನಾಲ್ಕು ತೂತು ಚುಚ್ಚಿಬಿಡ್ತೀನಿ. ಹಬೆ ಹೋಗೋಕೆ ದಾರಿ ಬೇಕಲ್ಲ.”

“ತೂತಾ? ಈ ಮನೇಲಿ ಹೂರಣ ಹೊರಗೆ ಇಣುಕಿದ ಹೋಳಿಗೇನ ನೆಂಟರ ಎಲೆಗೇ ಬಡಿಸಲ್ಲ. ಬೀಗರ ಮುಂದೆ ನಾನು ತೂತು ಮುಖ ಹೊತ್ಕೊಂಡು ಹೋಗ್ಲಾ?”

“ಅಕ್ಕಾ, ನಮಗೆ ಸೆಕೆ ಆದ್ರೆ?” ಒಳಗಿಂದ ಸೇಬಿನ ಹೋಳುಗಳು ಕೇಳಿದವು.

“ಸಹಿಸ್ಕೊಳ್ರೋ! ಒಳಗಿನದ್ದು ಒಳಗೇ ಇರ್ಲಿ.”

“ಆಹಾ, ಎಷ್ಟು ನುಣ್ಣಗಿದೆ!” ಎಂದು ಪದ್ಮಾವತಮ್ಮ ಪೈಯನ್ನು ಹಾಗೇ ಓವನ್ನಿಗಿಟ್ಟರು. ಮುಚ್ಚಳ ಇನ್ನಷ್ಟು ಉಬ್ಬಿತು.

ಸ್ವಲ್ಪ ಹೊತ್ತಿಗೆ ಸೇಬು ಕುದಿಯತೊಡಗಿತು. “ಅಕ್ಕಾ, ಆಗ್ತಿಲ್ಲ!”

“ತಡ್ಕೊಳ್ರೋ, ಬೀಗರು ಬಾಗಿಲಿಗೆ ಬಂದ್ರು!”

ಡಬ್ಬೆಂದು ಮುಚ್ಚಳ ನಡುವೆ ಸೀಳಿತು. ಪಾಕ ಉಕ್ಕಿ ಹರಿದು ಓವನ್ನಿನ ತಳದಲ್ಲಿ ಸೀದುಹೋಯಿತು. ಹೊಗೆಯ ಜೊತೆಗೇ ಪೈ ಬೀಗರೆದುರು ಬಂತು.

ಬೀಗಿತ್ತಿ ಬಗ್ಗಿ ನೋಡಿದರು. “ಏನ್ ಪದ್ಮಕ್ಕಾ, ಹೋಳಿಗೆ ಒಡೆದುಹೋಯ್ತಾ?”

ಪದ್ಮಾವತಮ್ಮ ಮುಳ್ಳುಚಮಚ ತಂದು ತಟ್ಟೆಯಲ್ಲಿಟ್ಟರು. ಅದು ಮುಚ್ಚಳದ ಕಿವಿಯಲ್ಲಿ ಹೇಳಿತು: “ನಾನು ಕೇಳಿದ್ದು ನಾಲ್ಕು ಪುಟ್ಟ ತೂತು. ನೀನು ಮಾಡ್ಕೊಂಡಿದ್ದು ಒಂದೇ ತಾಯೀ, ಆದ್ರೆ ನಿನ್ನಷ್ಟೇ ಅಗಲ.”